ಆನ್ ಬ್ರಾಡ್‌ಸ್ಟ್ರೀಟ್ ಕವಯಿತ್ರಿಯ ವಂಶವಿಚಾರ

1. ಪೀಠಿಕೆ

ವಂಶವು ಎರಡು ಬಗೆಯದೆಂದು ವೈಯಾಕರಣರು ಹೇಳುತ್ತಾರೆ: ಜನ್ಮದಿಂದ ಬಂದುದೊಂದು, ವಿದ್ಯೆಯಿಂದ ಬಂದುದೊಂದು. ಕವಿಚರಿತ್ರೆಯನ್ನು ಬರೆಯುವವರಿಗೆ ಇವೆರಡೂ ಅವಶ್ಯಕ. ಆದರೆ ಕವಿಯು ಸ್ತ್ರೀಯಾಗಿದ್ದಲ್ಲಿ ಜನ್ಮವಂಶವನ್ನು ಗೊತ್ತುಮಾಡುವುದು ಸುಲಭವಲ್ಲ. ಯೂರೋಪಿನ ಜನರಲ್ಲಿ ತಂದೆಯ ಮನೆತನದ ಹೆಸರು ವಿವಾಹದೊಡನೆ ಮರೆಯಾಗುತ್ತದೆ. ಆಕೆಯ ಹೆಣ್ಣುಮಕ್ಕಳ ಸಂತತಿಯು ಅಳಿಯಂದಿರ ಹೆಸರುಗಳಲ್ಲಿ ಲೀನವಾಗುತ್ತದೆ. ಹೀಗಾಗಿ ವಂಶಾವಳಿಕಾರರು ಸ್ತ್ರೀಯ ಮಹತ್ತ್ವವನ್ನು ಹೇಳಬೇಕಾದಾಗ ಆಕೆಯ ತಂದೆಯ ಪೂರ್ವಿಕರಲ್ಲಿ ಯಾವನಾದರೊಬ್ಬ ಪ್ರಸಿದ್ಧ ಪುರುಷನನ್ನು ಹುಡುಕಿ ಅವನ ರಕ್ತವನ್ನು ಆಕೆಗೆ ಸಲ್ಲಿಸುವುದು ರೂಢಿಯಾಗಿದೆ. ಈ ರೂಢಿಯು ಎಷ್ಟರಮಟ್ಟಿಗೆ ಪ್ರಮಾಣಬದ್ಧವೆಂಬುದನ್ನು ಒಂದು ನಿದರ್ಶನದಿಂದ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆ ನಿದರ್ಶನವೆಂದರೆ ಆನ್ ಬ್ರಾಡ್‌ಸ್ಟ್ರೀಟ್. ಉತ್ತರ ಅಮೆರಿಕದಲ್ಲಿ ನೆಲಸಿದ ಆಂಗ್ಲರಲ್ಲಿ ಕವಿತೆಗಳ ಸಂಪುಟವೊಂದು ಅಚ್ಚಾದ ಮೊದಲನೆಯ ಸ್ತ್ರೀ ಈಕೆ. ಜನನ 1612ರಲ್ಲಿ, ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದಲ್ಲಿ. ತಂದೆ ಥಾಮಸ್ ಡಡ್ಲಿ, ತಾಯಿ ಡೊರೊಥಿ ಯಾರ್ಕ್. ಸುಮಾರು 1628ರಲ್ಲಿ ಸೈಮನ್ ಬ್ರಾಡ್‌ಸ್ಟ್ರೀಟನೊಡನೆ ವಿವಾಹವಾಯಿತು. 1630ರಲ್ಲಿ ತಂದೆತಾಯಿಗಳೊಡನೆಯೂ ಪತಿಯೊಡನೆಯೂ ‘ಆರ್ಬೆಲ್ಲಾ’ ಎಂಬ ಹಡಗಿನಲ್ಲಿ ಸಾಗರವನ್ನು ದಾಟಿ ಮ್ಯಾಸಚೂಸೆಟ್ಸ್ ವಸಾಹತನ್ನು ಸೇರಿದಳು. ಇಪ್ಸ್‌ವಿಚ್ ಮೊದಲಾದ ಊರುಗಳಲ್ಲಿ ವಾಸವಾಗಿದ್ದು, ಕಡೆಗೆ ಆಂಡೋವರಿನಲ್ಲಿ ನೆಲಸಿ, 1672ರ ಸೆಪ್ಟೆಂಬರ್ 16ರಂದು ಅಲ್ಲಿಯೇ ಮೃತಳಾದಳು. ತಂದೆಯೂ ಪತಿಯೂ ಆ ವಸಾಹತಿನ ಗವರ್ನರ್ ಪದವಿಯನ್ನು ವಹಿಸಿದವರು. ಇಷ್ಟು ನಿರ್ವಿವಾದವಾದ ಸಂಗತಿ. ವಿವಾದವಿರುವುದು ಇದಕ್ಕೆ ಹಿಂದಿನ ತಲೆಗಳ ವಿಷಯದಲ್ಲಿ.

2. ಪಿತೃವಂಶ

ಥಾಮಸ್ ಡಡ್ಲಿಯು 1576ರಲ್ಲಿ ಯಾರ್ಡ್ಲಿ ಹೇಸ್ಟಿಂಗ್ಸ್ ಎಂಬ ಗ್ರಾಮದಲ್ಲಿ ಜನಿಸಿದನು. ಅವನ ತಂದೆ ರಾಜರ್ ಡಡ್ಲಿಯು ಸೈನ್ಯದಲ್ಲಿ ನಾಯಕನಾಗಿದ್ದು, ಮಗನು ಚಿಕ್ಕವನಾಗಿದ್ದಾಗಲೇ ಯುದ್ಧದಲ್ಲಿ ಮಡಿದನೆಂದು ಹೇಳುತ್ತಾರೆ. 1590ರಲ್ಲಿ ಫ್ರಾನ್ಸ್ ದೇಶದ ಇವ್ರಿ ಎಂಬಲ್ಲಿ ನಡೆದ ಪ್ರಸಿದ್ಧ ಯುದ್ಧದಲ್ಲಿ ಅವನು ಬಿದ್ದನೆಂಬುದು ಬಹುಕಾಲ ನಡೆದುಬಂದ ಐತಿಹ್ಯ. ಆದರೆ 1588ರ ವೇಳೆಗಾಗಲೇ ಅವನ ಪತ್ನಿಯು ವಿಧವೆಯಾಗಿದ್ದಳೆಂದು ತಿಳಿದುಬಂದಿರುವುದರಿಂದ ಆ ಐತಿಹ್ಯವು ನಿಲ್ಲುವುದಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಪುರುಷನ ಮರಣದ ಕಾಲವನ್ನು ತಿದ್ದಿಕೊಟ್ಟದ್ದು ಯುದ್ಧದ ಕಥೆಯಲ್ಲ, ಅವನ ಹೆಂಡತಿಯ ವೈಧವ್ಯದ ದಾಖಲೆ.

ರಾಜರನಿಂದ ಮೇಲಕ್ಕೆ ಹೋದರೆ ದಾರಿಯು ಮಸಕಾಗುತ್ತದೆ. ಡಡ್ಲಿ ದುರ್ಗದ ಪ್ರಭುಗಳಾಗಿದ್ದ ಸಟನ್-ಡಡ್ಲಿ ಮನೆತನಕ್ಕೆ ಇವರು ಸೇರಿದವರೆಂದು ಈ ಕುಟುಂಬದವರು ನಂಬಿದ್ದರು. ಥಾಮಸನು ಬಳಸಿದ ಲಾಂಛನವು ಆ ಪ್ರಭುಗಳ ಲಾಂಛನವನ್ನು ಹೋಲುತ್ತದೆಂಬುದು ಇದಕ್ಕೆ ಆಧಾರ. ಹೋಲಿಕೆಯುಂಟೆಂಬುದು ದಿಟ, ಆದರೆ ಹೋಲಿಕೆಯು ಸಂಬಂಧವನ್ನು ಊಹಿಸಲು ಸಾಧನವೇ ಹೊರತು ತಲೆತಲೆಯಾಗಿ ಹೆಸರಿಸಲು ಪ್ರಮಾಣವಲ್ಲ. ಸಟನ್ನರ ಯಾವ ಮಗನಿಂದ, ಎಷ್ಟನೆಯ ತಲೆಯಲ್ಲಿ ರಾಜರನು ಬಂದನೆಂಬುದನ್ನು ಇದುವರೆಗೆ ಯಾರೂ ನಿಸ್ಸಂದೇಹವಾಗಿ ಸ್ಥಾಪಿಸಿಲ್ಲ. 1845ರಲ್ಲಿ ಬಾಸ್ಟನ್ ನಗರದಲ್ಲಿ ವಂಶಚರಿತ್ರೆಗೆಂದೇ ಒಂದು ವಿದ್ವತ್ಸಂಘವು ಸ್ಥಾಪಿತವಾದ ಬಳಿಕ ಇಂತಹ ಶೋಧನೆಗಳು ಅಲ್ಲಿ ಹೇರಳವಾಗಿ ನಡೆದಿದ್ದರೂ ಈ ಗಂಟು ಬಿಚ್ಚಿಲ್ಲ.

ಈ ಸಂಬಂಧಕ್ಕೆ ಅಷ್ಟು ಬೆಲೆಯೇಕೆ? ಮೊದಲನೆಯ ಸಟನ್-ಡಡ್ಲಿ ಪ್ರಭುವಿನ ಕಿರಿಯ ಮಗನ ಶಾಖೆಯಲ್ಲಿ ಏಳನೆಯ ಹೆನ್ರಿ ದೊರೆಯ ಮಂತ್ರಿಯಾಗಿದ್ದ ಎಡ್ಮಂಡ್ ಡಡ್ಲಿಯು ಹುಟ್ಟಿದನು. ಅವನ ಮಗ ಜಾನ್ ನಾರ್ಥಂಬರ್ಲೆಂಡಿನ ಡ್ಯೂಕನಾದನು. ತಂದೆಗೆ 1510ರಲ್ಲಿಯೂ ಮಗನಿಗೆ 1553ರಲ್ಲಿಯೂ ರಾಜದ್ರೋಹದ ಅಪರಾಧಕ್ಕಾಗಿ ಶಿರಚ್ಛೇದವಾಯಿತು. ಆ ಡ್ಯೂಕನ ಮಗಳಾದ ಮೇರಿ ಡಡ್ಲಿಯ ಮಗನೇ ಕವಿಯೂ ವೀರನೂ ಆದ ಸರ್ ಫಿಲಿಪ್ ಸಿಡ್ನಿ. ಆದುದರಿಂದ ಥಾಮಸನು ಸಟನ್-ಡಡ್ಲಿಗಳ ಕುಲದವನಾದಲ್ಲಿ ಅವನ ಮಗಳಾದ ಕವಯಿತ್ರಿಗೂ ಸಿಡ್ನಿ ಕವಿಗೂ ರಕ್ತಸಂಬಂಧವುಂಟಾಗುತ್ತದೆ. ವಸಾಹತಿನ ಕಾಡಿನಂಚಿನಲ್ಲಿ ಕವಿತೆಗಳನ್ನು ಬರೆದ ಯುವತಿಗೆ ಇದಕ್ಕಿಂತ ಹೆಚ್ಚಿನ ಗೌರವವು ಮತ್ತಾವುದಿದ್ದೀತು!

ಸಿಡ್ನಿಗೂ ಡಡ್ಲಿ ಕುಲವು ಬಂದದ್ದು ತಾಯಿಯಿಂದಲೇ ಎಂಬುದು ಸ್ಮರಣೀಯ. ಅವನ ಸೋದರಮಾವನಾದ ಲೆಸ್ಟರ್ ಅರ್ಲನ ಮೇಲೆ ವೈರಿಗಳು ನಿಂದಾಗ್ರಂಥವೊಂದನ್ನು ಪ್ರಚುರಪಡಿಸಿ ಡಡ್ಲಿಗಳ ಕುಲೀನತೆಯನ್ನೇ ಹೀಗಳೆದಾಗ, ಸಿಡ್ನಿಯು ಪ್ರತ್ಯುತ್ತರವನ್ನು ಬರೆದು, ತನಗೆ ಡಡ್ಲಿ ರಕ್ತವೇ ಹೆಮ್ಮೆಯ ವಿಷಯವೆಂದು ಸಾರಿದನು. ಎಂದರೆ ಆನಳು ಯಾವ ಕುಲವನ್ನು ಆಶ್ರಯಿಸಲು ಹೊರಟಳೋ ಅದರ ಪ್ರಾಚೀನತೆಯು ಆಕೆ ಹುಟ್ಟುವ ಮೊದಲೇ ಚರ್ಚೆಗೆ ಗುರಿಯಾಗಿತ್ತು.

3. ಸಿಡ್ನಿಯ ಚರಮಗೀತದ ಪಾಠಭೇದ

1638ರಲ್ಲಿ ಆನಳು ಸಿಡ್ನಿಯ ಮೇಲೆ ಒಂದು ಚರಮಗೀತವನ್ನು ರಚಿಸಿದಳು. ಈ ಕಾವ್ಯವು ಎರಡು ಮುದ್ರಣಗಳಲ್ಲಿ ಎರಡು ರೂಪಗಳಲ್ಲಿ ದೊರೆಯುತ್ತದೆ. ಆಕೆಯ ತಂಗಿ ಮರ್ಸಿಯ ಪತಿಯಾದ ಜಾನ್ ವುಡ್‌ಬ್ರಿಜ್ ಇಂಗ್ಲೆಂಡಿಗೆ ಹೋದಾಗ ಕವಿತೆಗಳ ಹಸ್ತಪ್ರತಿಯನ್ನು ಒಯ್ದು, ಆಕೆಯ ಅನುಮತಿಯಿಲ್ಲದೆಯೇ, 1650ರಲ್ಲಿ ಲಂಡನ್ನಿನಲ್ಲಿ ‘ಹತ್ತನೆಯ ಮ್ಯೂಸ್’ ಎಂಬ ಅರ್ಥದ ಹೆಸರಿನಿಂದ ಅಚ್ಚು ಹಾಕಿಸಿದನು. ಎರಡನೆಯ ಮುದ್ರಣವು ಆಕೆ ತೀರಿಕೊಂಡ ಆರು ವರ್ಷಗಳ ಮೇಲೆ, 1678ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಗ್ರಂಥಕರ್ತ್ರಿಯೇ ತಿದ್ದಿದ ಪಾಠವಿದೆಂದು ಅದರ ಮುಖಪತ್ರವು ಹೇಳುತ್ತದೆ. 1650ರ ಪಾಠದಲ್ಲಿ ಕವಯಿತ್ರಿಯು ಸಿಡ್ನಿಯ ರಕ್ತವೇ ತನ್ನ ನಾಡಿಗಳಲ್ಲಿಯೂ ಹರಿಯುತ್ತಿದೆಯೆಂದೂ, ಆದಕಾರಣ ತಾನು ಅವನನ್ನು ಹಾಡುವುದನ್ನು ಯಾರೂ ಆಕ್ಷೇಪಿಸಬಾರದೆಂದೂ ಹೇಳುತ್ತಾಳೆ. 1678ರ ಪಾಠದಲ್ಲಿ ಆ ಮಾತಿಲ್ಲ. ಅದೇ ಎಡೆಯಲ್ಲಿ, ತನ್ನಲ್ಲಿ ಆಂಗ್ಲರಕ್ತವು ಹರಿಯುತ್ತಿರುವವರೆಗೂ ಎಂಬ ಭಾವದ ಮಾತಿದೆ. ಕುಲದ ಅಭಿಮಾನವು ಹೋಗಿ ದೇಶದ ಅಭಿಮಾನವು ನಿಂತಿತು.

ಈ ತಿದ್ದುಪಡಿಯು ಯಾರ ಕೈಯದು? ಮುದ್ರಣವು ಮರಣಾನಂತರದ್ದಾದುದರಿಂದ ಸಂಪಾದಕನ ಕೈವಾಡವೂ ಇರಬಹುದೆಂಬುದು ಪೂರ್ವಪಕ್ಷ. ಸಂಪಾದಕನೆಂದು ವಿದ್ವಾಂಸರು ಊಹಿಸುವುದು ಜಾನ್ ರಾಜರ್ಸನನ್ನು. ಆ ಮುದ್ರಣದಲ್ಲಿ ಅವನ ಪ್ರಶಂಸಾಪದ್ಯವಿದೆ. ಅವನ ಪತ್ನಿ ಎಲಿಜಬೆತ್ ಡೆನಿಸನ್ ಕವಯಿತ್ರಿಯ ತಂಗಿ ಪೇಷೆನ್ಸಳ ಮಗಳು. ಎಂದರೆ ಥಾಮಸ್ ಡಡ್ಲಿಯ ಮೊಮ್ಮಗಳು. ಸಿಡ್ನಿಯ ಸಂಬಂಧವು ನಿಜವಾಗಿದ್ದರೆ ಆ ಗೌರವದಲ್ಲಿ ರಾಜರ್ಸನ ಹೆಂಡತಿಗೂ ಮಕ್ಕಳಿಗೂ ಪಾಲುಂಟು. ತನ್ನ ಮನೆಗೆ ಬರುವ ಕೀರ್ತಿಯನ್ನು ಬಂಧುವಾದವನು ತಾನಾಗಿ ಅಳಿಸಿಹಾಕುವುದು ಸಂಭವನೀಯವಲ್ಲ. ಇಲ್ಲದ ಹಿರಿಮೆಯನ್ನು ಸೇರಿಸುವ ಲಿಪಿಕಾರರು ಎಲ್ಲ ದೇಶಗಳಲ್ಲಿಯೂ ಉಂಟು. ಇರುವ ಹಿರಿಮೆಯನ್ನು ತೆಗೆದುಹಾಕುವವರು ವಿರಳ. ಆದುದರಿಂದ ಮುಖಪತ್ರದ ಹೇಳಿಕೆಯನ್ನು ನಂಬಿ, ಈ ತಿದ್ದುಪಡಿಯು ಕವಯಿತ್ರಿಯದೇ ಎಂದು ಗ್ರಹಿಸುವುದು ಯುಕ್ತ.

ಇದಕ್ಕೆ ಪೋಷಕವಾದ ಬೇರೆ ಸಾಕ್ಷ್ಯವೂ ಇದೆ. ತಂದೆಯು 1653ರ ಜುಲೈ 31ರಂದು ಗತಿಸಿದಾಗ ಆಕೆ ಬರೆದ ಗೀತವು ಅವನನ್ನು ನವ ಇಂಗ್ಲೆಂಡಿನ ಸ್ಥಾಪಕರಲ್ಲೊಬ್ಬನೆಂದು ಕೊಂಡಾಡುತ್ತದೆ. ಸ್ತುತಿಗೆ ವಿಷಯವಾದುದು ಅವನ ನಡತೆ, ಅವನ ಅಜ್ಜಂದಿರಲ್ಲ. ಮುಂದೆ ತನ್ನ ಮಕ್ಕಳಿಗೆಂದು ಗದ್ಯದಲ್ಲಿ ಬರೆದಿಟ್ಟ ಆತ್ಮವೃತ್ತಾಂತದಲ್ಲಿ ಬಾಲ್ಯದ ರೋಗ, ವಿವಾಹ, ಹೊಸ ದೇಶವನ್ನು ಕಂಡು ಮನಸ್ಸು ಮುರಿದದ್ದು, ಬಹುದಿನ ಮಕ್ಕಳಾಗದೆ ಕೊರಗಿದ್ದು, ದೈವಭಕ್ತಿಯ ಏರಿಳಿತ ಇವೆಲ್ಲ ಇವೆ. ಡಡ್ಲಿ ಪ್ರಭುಗಳ ಹೆಸರಿಲ್ಲ. ಮಕ್ಕಳಿಗೆ ವಂಶವನ್ನು ಹೇಳಬೇಕಾದ ಸ್ಥಳದಲ್ಲಿಯೇ ತಾಯಿಯು ಅದನ್ನು ಹೇಳಲಿಲ್ಲವೆಂಬುದು ಚಿಂತನೀಯ.

4. ಮಾತೃವಂಶ

ಪಿತೃವಂಶದ ಗದ್ದಲದಲ್ಲಿ ಮಾತೃವಂಶವು ಮರೆಗೆ ಬಿದ್ದಿದೆ. ಥಾಮಸನ ತಾಯಿ ಸುಸಾನಾ ಥಾರ್ನ್ ಯಾರ್ಡ್ಲಿ ಹೇಸ್ಟಿಂಗ್ಸಿನವಳು. ಅನಾಥನಾದ ಥಾಮಸನು ಮೊದಲು ಕಾಂಪ್ಟನ್ ಪ್ರಭುವಿನ ಮನೆಯಲ್ಲಿ ಪರಿಚಾರಕ ಬಾಲಕನಾಗಿದ್ದನು. ಬಳಿಕ 1597ರಲ್ಲಿ ಫ್ರಾನ್ಸಿಗೆ ಸೈನಿಕರನ್ನು ಕರೆದೊಯ್ದನು. ಹಿಂತಿರುಗಿದ ಮೇಲೆ ಅವನಿಗೆ ನ್ಯಾಯಶಾಸ್ತ್ರದ ಪರಿಚಯವನ್ನೂ ಉದ್ಯೋಗವನ್ನೂ ಕೊಟ್ಟವನು ನ್ಯಾಯಾಧಿಪತಿ ಆಗಸ್ಟಿನ್ ನಿಕಲ್ಸ್. ಈತನು ಥಾಮಸನಿಗೆ ತಾಯಿಯ ಕಡೆಯ ಬಂಧು. ಅಲ್ಲಿ ಕಲಿತ ವ್ಯವಹಾರಜ್ಞಾನದಿಂದಲೇ ಥಾಮಸನು ಲಿಂಕನ್ ಅರ್ಲನ ಸಂಸ್ಥಾನದ ಮೇಲ್ವಿಚಾರಕನಾದನು. ಆ ಅರಮನೆಯ ಆಶ್ರಯದಲ್ಲಿಯೇ ಆನಳು ಗ್ರಂಥಗಳನ್ನು ಓದಿದ್ದು, ಸೈಮನ್ ಬ್ರಾಡ್‌ಸ್ಟ್ರೀಟನನ್ನು ಕಂಡದ್ದು. ಹೀಗೆ ಈ ಕುಟುಂಬಕ್ಕೆ ಕೈಹಿಡಿದು ನಡೆಸಿದ ಬಂಧುತ್ವವು ಸಟನ್-ಡಡ್ಲಿಗಳದಲ್ಲ, ಥಾರ್ನರ ಕಡೆಯದು.

ಇನ್ನೊಂದು ವಿಚಿತ್ರವೂ ಉಂಟು. ಈ ಸುಸಾನಳ ತಾಯಿಯು ಪ್ಯೂರ್‌ಫಾಯ್ ಮನೆತನದವಳು. ಆ ಮನೆತನದ ಮೂಲಕ ಎರಡನೆಯ ಹೆನ್ರಿ ದೊರೆಯವರೆಗೆ ವಂಶವು ಮುಟ್ಟುತ್ತದೆಂದು ವಂಶಾವಳಿಕಾರರು ತೋರಿಸಿದ್ದಾರೆ. ಕವಯಿತ್ರಿಯು ತಾರುಣ್ಯದಲ್ಲಿ ಹಾಡಿದ ಪ್ರಭುಕುಲವು ಸಂದಿಗ್ಧವಾಗಿಯೇ ಉಳಿದಿದೆ. ರಾಜಕುಲವನ್ನು ಮುಟ್ಟಿಸುವ ಅಜ್ಜಿಯ ದಾರಿಯು ಆಕೆಯ ಕಾವ್ಯದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹೆಣ್ಣಿನ ಕಡೆಯ ವಂಶವನ್ನು ಎಣಿಸದಿರುವ ರೂಢಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

ಆನಳ ಹೆತ್ತ ತಾಯಿ ಡೊರೊಥಿಯು ನಾರ್ಥಾಂಪ್ಟನ್ ಬಳಿಯ ಕಾಟನ್ ಎಂಡಿನ ಎಡ್ಮಂಡ್ ಯಾರ್ಕನ ಮಗಳು. ಆಕೆಯ ವಿವಾಹವು 1603ರ ಏಪ್ರಿಲ್ 25ರಂದು ಹಾರ್ಡಿಂಗ್‌ಸ್ಟನ್ ಗ್ರಾಮದಲ್ಲಿ ನಡೆಯಿತು. 1643ರ ಡಿಸೆಂಬರ್ 27ರಂದು ರಾಕ್ಸ್‌ಬರಿಯಲ್ಲಿ ಆಕೆ ತೀರಿಕೊಂಡಳು. ಮಗಳು ಬರೆದ ಸಮಾಧಿಗೀತದಲ್ಲಿ ತಾಯಿಯ ಗೃಹಿಣೀತ್ವ, ದಾನಶೀಲತೆ, ಆಳುಗಳೊಡನೆ ನಡೆದುಕೊಂಡ ರೀತಿ ಇವು ವರ್ಣಿತವಾಗಿವೆ. ಆ ಕಾಲದ ಗೃಹಿಣಿಯ ಸ್ವಭಾವವನ್ನು ಇಷ್ಟು ಹತ್ತಿರದಿಂದ ತಿಳಿಸುವ ಬರಹಗಳು ವಸಾಹತಿನಲ್ಲಿ ಹೆಚ್ಚಾಗಿಲ್ಲ.

5. ವಿದ್ಯಾವಂಶ

ವಿದ್ಯಾವಂಶದ ವಿಷಯದಲ್ಲಿ ಕವಯಿತ್ರಿಯ ಮಾತು ಎಲ್ಲಿಯೂ ಹಿಂಜರಿಯುವುದಿಲ್ಲ. ತಂದೆಯನ್ನು ಆಕೆ ಜನಕನೆಂದು ಮಾತ್ರವಲ್ಲದೆ ಮಾರ್ಗದರ್ಶಕನೆಂದೂ ಉಪಾಧ್ಯಾಯನೆಂದೂ ಕರೆಯುತ್ತಾಳೆ. ಥಾಮಸನು ಭೂಮಿಯ ನಾಲ್ಕು ಖಂಡಗಳ ಮೇಲೆ ಕಾವ್ಯವನ್ನು ರಚಿಸಿದ್ದನೆಂದೂ, ಅದನ್ನು ನೋಡಿಯೇ ತಾನು ಚತುರ್ಭೂತಗಳು, ಚತುರ್ವಿಧ ಪ್ರಕೃತಿಗಳು, ವಯಸ್ಸಿನ ನಾಲ್ಕು ಅವಸ್ಥೆಗಳು, ನಾಲ್ಕು ಋತುಗಳು ಇವುಗಳ ಮೇಲಣ ಕಾವ್ಯಗಳನ್ನು ಬರೆದುದಾಗಿಯೂ ಅವನಿಗೆ ಮಾಡಿದ ಅರ್ಪಣೆಯಲ್ಲಿ ತಿಳಿಸಿದ್ದಾಳೆ. ತಂದೆಯ ಆ ಕಾವ್ಯವು ಉಳಿದುಬಂದಿಲ್ಲ. ಮಗಳ ಅರ್ಪಣೆಯೇ ಅದಕ್ಕೆ ಸಾಕ್ಷಿ. ಫ್ರೆಂಚ್ ಕವಿ ದು ಬಾರ್ತಾಸನನ್ನು ಆಕೆ ಗುರುವಿನಂತೆ ಭಾವಿಸಿ ಬೇರೊಂದು ಗೀತವನ್ನೇ ಬರೆದಳು. ಸಿಡ್ನಿಯೂ ಈ ಪಂಕ್ತಿಗೆ ಸೇರಿದವನು. ರಕ್ತದಿಂದ ಅವನನ್ನು ಬಂಧುವೆಂದುದು ಸಂದಿಗ್ಧವಾದರೂ ವಿದ್ಯೆಯಿಂದ ಬಂಧುವೆನ್ನಲು ಅಡ್ಡಿಯಿಲ್ಲ.

ಈ ಕಾವ್ಯಗಳು ಲೋಕಕ್ಕೆ ದೊರೆತದ್ದೂ ಬಂಧುವರ್ಗದಿಂದಲೇ. ತಂಗಿಯ ಪತಿ ಮೊದಲು ಅಚ್ಚು ಹಾಕಿಸಿದನು. ಮತ್ತೊಬ್ಬ ತಂಗಿಯ ಅಳಿಯನು ಎರಡನೆಯ ಮುದ್ರಣಕ್ಕೆ ನೆರವಾದನು. ಮಗ ಸೈಮನ್ ತಾಯಿಯ ಟಿಪ್ಪಣಿಪುಸ್ತಕವನ್ನು ಕಾಪಾಡಿ ಪ್ರತಿಮಾಡಿದನು. ಆ ಪುಸ್ತಕದ ಗದ್ಯಚಿಂತನೆಗಳನ್ನು ಆಕೆ 1664ರ ಮಾರ್ಚ್ 20ರಂದು ಆ ಮಗನಿಗೇ ಅರ್ಪಿಸಿದ್ದಳು. 1867ರಲ್ಲಿ ಜಾನ್ ಹಾರ್ವರ್ಡ್ ಎಲಿಸ್ ಇವೆಲ್ಲವನ್ನೂ ಸೇರಿಸಿ ಸಂಪಾದಿಸಿದನು. ಆದರೆ ಕುಟುಂಬದ ಎಲ್ಲ ಹೆಣ್ಣುಮಕ್ಕಳ ಮಾತಿಗೂ ಈ ಆದರವು ದೊರೆಯಲಿಲ್ಲ. ಇನ್ನೊಬ್ಬ ತಂಗಿ ಸಾರಾ ಬಹಿರಂಗವಾಗಿ ಧರ್ಮೋಪದೇಶ ಮಾಡಿದಳೆಂಬುದು ಆಕೆಯ ಮೇಲಿನ ಆಪಾದನೆಗಳಲ್ಲೊಂದು. ಗಂಡನು ಆಕೆಯನ್ನು ತ್ಯಜಿಸಿದನು. 1647ರಲ್ಲಿ ಬಾಸ್ಟನ್ನಿನ ಧರ್ಮಸಭೆಯು ಬಹಿಷ್ಕರಿಸಿತು. ಒಂದೇ ಮನೆಯ ಇಬ್ಬರು ಸೋದರಿಯರಲ್ಲಿ ಒಬ್ಬಳ ಮಾತು ಮೂರು ವರ್ಷಗಳ ಮೇಲೆ ಲಂಡನ್ನಿನಲ್ಲಿ ಗ್ರಂಥವಾಯಿತು; ಇನ್ನೊಬ್ಬಳ ಮಾತು ವಿಚಾರಣೆಯ ಕಾಗದಗಳಲ್ಲಿ ಅಪರಾಧವಾಗಿ ನಿಂತಿತು.

6. ಸಂತತಿ, ಒಂದು ತೇದಿಯ ತಿದ್ದುಪಡಿ

ಮೇಲ್ಮುಖವಾದ ವಂಶಕ್ಕೆ ಇಷ್ಟು ತೊಡಕುಗಳಿದ್ದರೆ ಕೆಳಮುಖವಾದ ವಂಶವು ನಿಚ್ಚಳವಾಗಿದೆ. ಅದಕ್ಕೆ ಮೊದಲನೆಯ ದಾಖಲೆಗಾರ್ತಿ ಕವಯಿತ್ರಿಯೇ. 1659ರ ಜೂನ್ 23ರ ತೇದಿಯಿರುವ ಕವಿತೆಯೊಂದರಲ್ಲಿ ತನ್ನ ಎಂಟು ಮಕ್ಕಳನ್ನು ಒಂದೇ ಗೂಡಿನ ಎಂಟು ಹಕ್ಕಿಗಳೆಂದೂ, ನಾಲ್ಕು ಗಂಡು ನಾಲ್ಕು ಹೆಣ್ಣು ಎಂದೂ ಎಣಿಸಿ, ಯಾವ ಹಕ್ಕಿಯು ಎತ್ತ ಹಾರಿತೆಂಬುದನ್ನು ಹೇಳಿದ್ದಾಳೆ. ಅವರು ಸ್ಯಾಮುಯೆಲ್, ಡೊರೊಥಿ, ಸಾರಾ, ಸೈಮನ್, ಹಾನಾ, ಮರ್ಸಿ, ಡಡ್ಲಿ, ಜಾನ್. ಡೊರೊಥಿಯು ಜಾನ್ ಕಾಟನ್ ಪಾದ್ರಿಯ ಮಗ ಸೀಬಾರ್ನನನ್ನು ವರಿಸಿದಳು. ತಂದೆತಾಯಿಗಳು ಬರುತ್ತಿದ್ದ ಹಡಗಿನಲ್ಲಿ ಸಮುದ್ರದ ಮೇಲೆಯೇ ಹುಟ್ಟಿದುದರಿಂದ ಅವನಿಗೆ ಆ ಹೆಸರು. ಸೈಮನ್ ನ್ಯೂ ಲಂಡನ್ ಎಂಬ ಊರಿನ ಪಾದ್ರಿಯಾದನು. ಡಡ್ಲಿಯು ಆಂಡೋವರಿನ ನ್ಯಾಯಾಧಿಕಾರಿಯಾಗಿದ್ದು, 1692ರ ಮಾಟಗಾತಿಯರ ವಿಚಾರಣೆಗಳಲ್ಲಿ ಬಂಧನದ ಆಜ್ಞೆಗಳನ್ನು ಕೊಡುತ್ತಿದ್ದವನು ಕಡೆಗೆ ಇನ್ನು ಕೊಡಲಾರೆನೆಂದು ನಿರಾಕರಿಸಿ, ಆಪಾದನೆಯು ತನ್ನ ಮೇಲೆಯೇ ತಿರುಗಿದಾಗ ಊರನ್ನು ಬಿಟ್ಟು ಓಡಿಹೋಗಬೇಕಾಯಿತು. ಪತಿ ಸೈಮನ್ ಬ್ರಾಡ್‌ಸ್ಟ್ರೀಟನು 1676ರಲ್ಲಿ ಪುನರ್ವಿವಾಹವಾದನು. ಆ ಎರಡನೆಯ ಪತ್ನಿಯ ಹೆಸರೂ ಆನ್ ಎಂದೇ ಇರುವುದರಿಂದ ದಾಖಲೆಗಳನ್ನು ಓದುವವರು ಎಚ್ಚರಿಕೆಯಿಂದಿರಬೇಕು.

ಹಿರಿಯ ಮಗ ಸ್ಯಾಮುಯೆಲ್ ವೈದ್ಯನು. ಅವನ ಪತ್ನಿಯೂ ಮರ್ಸಿ ಎಂಬ ಹೆಸರಿನವಳೇ, ಟಿಂಗ್ ಮನೆತನದವಳು. ಈ ದಂಪತಿಗಳ ಮಕ್ಕಳ ಮರಣವೇ ಕವಯಿತ್ರಿಯ ಕೊನೆಗಾಲದ ಅತ್ಯಂತ ಕರುಣಾರ್ದ್ರವಾದ ಕವಿತೆಗಳಿಗೆ ಕಾರಣವಾಯಿತು. ಎಲಿಜಬೆತ್ ಎಂಬ ಮೊಮ್ಮಗಳು 1665ರ ಆಗಸ್ಟಿನಲ್ಲಿ ಒಂದೂವರೆ ವರ್ಷದವಳಾಗಿ ತೀರಿಕೊಂಡಳು. ಅಜ್ಜಿಯ ಹೆಸರನ್ನೇ ಹೊತ್ತ ಆನ್ ಎಂಬ ಮೊಮ್ಮಗಳು 1669ರ ಜೂನ್ 20ರಂದು, ಮೂರು ವರ್ಷ ಏಳು ತಿಂಗಳ ವಯಸ್ಸಿನಲ್ಲಿ ಹೋದಳು. ಸೈಮನ್ ಎಂಬ ಶಿಶುವು ಅದೇ ವರ್ಷ ನವೆಂಬರ್ 16ರಂದು, ಒಂದು ತಿಂಗಳು ಒಂದು ದಿನದ ಕೂಸಾಗಿದ್ದಾಗ ಮಡಿಯಿತು. ಇವರೊಬ್ಬೊಬ್ಬರ ಮೇಲೆಯೂ ಅಜ್ಜಿಯು ಕವಿತೆಯನ್ನು ಬರೆದಳು. ನಾಲ್ಕನೆಯ ಕವಿತೆಯು ಸೊಸೆ ಮರ್ಸಿಯ ಮೇಲೆ. ಅದರ ತಲೆಬರಹದಲ್ಲಿ ಆಕೆಯ ಮರಣದ ದಿನವು 1669ರ ಸೆಪ್ಟೆಂಬರ್ 6 ಎಂದು 1678ರ ಮುದ್ರಣದಲ್ಲಿದೆ.

ಈ ತೇದಿಯು ಸರಿಯಾಗಿರಲಾರದು. ನವೆಂಬರ್ 16ರಂದು ಒಂದು ತಿಂಗಳು ಒಂದು ದಿನದ್ದಾಗಿದ್ದ ಶಿಶುವು ಅಕ್ಟೋಬರ್ 15ರಂದು ಹುಟ್ಟಿರಬೇಕು. ಸೆಪ್ಟೆಂಬರಿನಲ್ಲಿ ಸತ್ತ ತಾಯಿಯು ಅಕ್ಟೋಬರಿನಲ್ಲಿ ಹೆರುವುದೆಂತು? ಆ ಕಾಲದ ಆಂಗ್ಲರಿಗೆ ವರ್ಷಾರಂಭವು ಮಾರ್ಚ್ 25ರಂದು ಆಗುತ್ತಿತ್ತು; ಆ ಕಾರಣದಿಂದ ವರ್ಷದ ಎಣಿಕೆಯಲ್ಲಿ ವ್ಯತ್ಯಾಸ ಬಂದಿರಬಹುದೆಂದು ಶಂಕಿಸಬಹುದು. ಆದರೆ ಆ ಪದ್ಧತಿಯಿಂದ ಗೊಂದಲವುಂಟಾಗುವುದು ಜನವರಿ ಮೊದಲಾಗಿ ಮಾರ್ಚ್ 24ರವರೆಗಿನ ದಿನಗಳಿಗೆ ಮಾತ್ರ. ಸೆಪ್ಟೆಂಬರಿಗೆ ಅದು ತಗಲುವುದಿಲ್ಲ. ಹಾಗಾದರೆ ತಪ್ಪಿರುವುದು ಶಿಶುವಿನ ತೇದಿಯೇ ಏಕಾಗಬಾರದು? ಇದಕ್ಕೆ ಸೊಸೆಯ ಮೇಲಿನ ಕವಿತೆಯೇ ಉತ್ತರ ಕೊಡುತ್ತದೆ. ಪತಿಯು ಸಮುದ್ರಯಾನದಲ್ಲಿದ್ದಾಗ ಆಕೆ ದಿನ ತುಂಬುವ ಮೊದಲೇ ಐದನೆಯ ಮಗುವನ್ನು ಹೆತ್ತಳೆಂದೂ, ಅದು ಬದುಕಲಿಲ್ಲವೆಂದೂ, ಈಗ ನಾಲ್ಕು ಮಕ್ಕಳೊಡನೆ ಆಕೆ ವಿಶ್ರಮಿಸುತ್ತಿರುವಳೆಂದೂ, ಉಳಿದಿರುವುದು ಒಂದೇ ಮಗುವೆಂದೂ ಅಲ್ಲಿ ಹೇಳಿದೆ. ಗತಿಸಿದ ನಾಲ್ವರೆಂದರೆ ಎಲಿಜಬೆತ್, ಆನ್, ಸೈಮನ್ ಮತ್ತು ಆ ಐದನೆಯ ಶಿಶು. ಆದಕಾರಣ ಸೈಮನನ ಮರಣವು ತಾಯಿಯ ಮರಣಕ್ಕಿಂತ ಹಿಂದಿನದು. ಅವನ ಜನನಕ್ಕೂ ಐದನೆಯ ಶಿಶುವಿನ ಜನನಕ್ಕೂ ನಡುವೆ ಹಲವು ತಿಂಗಳುಗಳ ಅಂತರವಿರಲೇಬೇಕು. ಸೊಸೆಯ ಮರಣವರ್ಷವನ್ನು 1670 ಎಂದು ತಿದ್ದಿದರೆ ಎಲ್ಲವೂ ಸಮಂಜಸವಾಗುತ್ತದೆ. ಮುದ್ರಿತವಾದ ಅಂಕೆಗಿಂತ ಅಜ್ಜಿಯ ಎಣಿಕೆಯೇ ಪ್ರಬಲವಾದ ಪ್ರಮಾಣ.

7. ಉಳಿದ ಒಂದು ಮಗು

ಉಳಿದ ಆ ಒಂದು ಮಗು ಯಾರು? 1667ರಲ್ಲಿ ಹುಟ್ಟಿದ, ತಾಯಿಯ ಹೆಸರನ್ನೇ ಪಡೆದ ಮರ್ಸಿ. ತಂದೆಯು ಜಮೈಕಾ ದ್ವೀಪದಲ್ಲಿ ನೆಲಸಿ, ಅಲ್ಲಿಯೇ ಮತ್ತೊಂದು ಸಂಸಾರವನ್ನು ಹೂಡಿ, ಅಲ್ಲಿಯೇ ತೀರಿಕೊಂಡನು. ಈ ಹುಡುಗಿಯು ಮ್ಯಾಸಚೂಸೆಟ್ಸಿನಲ್ಲಿ ಬೆಳೆದು ಕೇಂಬ್ರಿಜ್ ಎಂಬ ಊರಿನ ವೈದ್ಯ ಜೇಮ್ಸ್ ಆಲಿವರನನ್ನು ವರಿಸಿದಳು. ಅವರ ಮಗಳು ಸಾರಾ ಆಲಿವರ್ ಜೇಕಬ್ ವೆಂಡೆಲ್ಲನ ಪತ್ನಿಯಾದಳು. ಅವರ ಮಗ ಆಲಿವರ್ ವೆಂಡೆಲ್. ಅವನ ಮಗಳು ಸಾರಾ ವೆಂಡೆಲ್ ಪಾದ್ರಿ ಏಬಿಯಲ್ ಹೋಮ್ಸನನ್ನು ವರಿಸಿದಳು. ಅವರ ಮಗನೇ ವೈದ್ಯನೂ ಕವಿಯೂ ಆದ ಆಲಿವರ್ ವೆಂಡೆಲ್ ಹೋಮ್ಸ್ (1809–1894). ಅದೇ ಹೆಸರಿನ ಅವನ ಮಗನು (1841–1935) ಅಮೆರಿಕದ ಪರಮೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ಪ್ರಖ್ಯಾತನಾದನು. ಜೇಕಬ್ ವೆಂಡೆಲ್ಲನ ಮತ್ತೊಬ್ಬ ಮಗಳಾದ ಮಾರ್ಗರೆಟಳ ಮೊಮ್ಮಗನು ಗುಲಾಮಗಿರಿಯ ವಿರುದ್ಧ ಹೋರಾಡಿದ ವಾಗ್ಮಿ ವೆಂಡೆಲ್ ಫಿಲಿಪ್ಸ್ (1811–1884).

ಹೋಮ್ಸ್ ಕವಿಯ ಹೆಸರನ್ನು ಬಿಡಿಸಿ ನೋಡಿದರೆ ಅದೇ ಒಂದು ವಂಶಾವಳಿ. ಹೋಮ್ಸ್ ಎಂಬುದು ತಂದೆಯಿಂದ ಬಂದ ಹೆಸರು. ವೆಂಡೆಲ್ ಎಂಬುದು ತಾಯಿಯ ಮನೆಯದು. ಆಲಿವರ್ ಎಂಬುದು ತಾಯಿಯ ಅಜ್ಜಿಯ ತೌರಿನದು. ಬೃಹದಾರಣ್ಯಕೋಪನಿಷತ್ತಿನ ಕಡೆಯ ವಂಶಬ್ರಾಹ್ಮಣವು ಆಚಾರ್ಯರನ್ನು ಇಂಥವಳ ಪುತ್ರ, ಇಂಥವಳ ಪುತ್ರ ಎಂದು ತಾಯಂದಿರ ಹೆಸರಿನಿಂದ ನಿರ್ದೇಶಿಸುವುದು ವಿದ್ವಾಂಸರಿಗೆ ತಿಳಿದದ್ದೇ. ಅಂತಹ ಸಂಪ್ರದಾಯವಿಲ್ಲದ ಜನರಲ್ಲಿಯೂ ಹೆಣ್ಣಿನ ತೌರುಮನೆಯು ಹೀಗೆ ಮಗನ ಹೆಸರಿನ ಮಧ್ಯದಲ್ಲಿ ತನಗೆ ಒಂದಿಷ್ಟು ಸ್ಥಳವನ್ನು ಮಾಡಿಕೊಂಡಿತು. ಬ್ರಾಡ್‌ಸ್ಟ್ರೀಟ್ ಎಂಬ ಹೆಸರಿಗೆ ಮಾತ್ರ ಅಲ್ಲಿ ಎಡೆ ಸಿಕ್ಕಲಿಲ್ಲ. ಅದನ್ನು ಉಳಿಸಿದ್ದು ಕಾವ್ಯ.

8. ಉಪಸಂಹಾರ

ಮೇಲಣ ವಿಚಾರದಿಂದ ಫಲಿಸುವುದಿಷ್ಟು: ಸಿಡ್ನಿಯ ರಕ್ತಸಂಬಂಧವು ಅಸಿದ್ಧ, ಕವಯಿತ್ರಿಯು ತಾರುಣ್ಯದಲ್ಲಿ ಅದನ್ನು ಹೇಳಿ, ಬಲಿತ ಮೇಲೆ ಕೈಬಿಟ್ಟಳೆಂದು ಪಾಠಭೇದದಿಂದ ತಿಳಿಯುತ್ತದೆ. ಪ್ರಭುಕುಲದಿಂದ ಆಕೆಯನ್ನು ಇಳಿಸಿ ತೋರಿಸುವ ವಂಶವೃಕ್ಷಗಳು ಆಕೆಯೇ ಅಳಿಸಿದ ಸಾಲನ್ನು ಮತ್ತೆ ಬರೆದಂತೆ. ಆಕೆಯ ವಂಶದಲ್ಲಿ ನಂಬಲರ್ಹವಾದ ಭಾಗವು ಆಕೆ ಕಣ್ಣಾರೆ ಕಂಡು ಬರೆದಿಟ್ಟದ್ದು: ತಾಯಿ, ತಂದೆ, ಎಂಟು ಮಕ್ಕಳು, ಸೊಸೆ, ಕೈಬಿಟ್ಟುಹೋದ ಮೊಮ್ಮಕ್ಕಳು, ಉಳಿದ ಒಂದು ಹೆಣ್ಣುಮಗು. ಸೊಸೆಯ ಮೇಲಿನ ಗೀತದ ಕೊನೆಯಲ್ಲಿ ಆ ಮಗುವು ತಮಗೆ ಸಂತೋಷವಾಗಿ ಬಾಳಲೆಂದು ಅಜ್ಜಿಯು ದೇವರನ್ನು ಬೇಡಿದಳು. ಹಾಗೆ ಬೇಡಿದ ಎರಡು ವರ್ಷಗಳ ಮೇಲೆ ತಾನು ತೀರಿಕೊಂಡಳು. ಐದು ವರ್ಷ ತುಂಬದಿದ್ದ ಆ ಮೊಮ್ಮಗಳಿಂದ ಮುಂದೆ ಎಷ್ಟು ಮನೆಗಳು ಬೆಳೆದುವೆಂಬುದನ್ನು ಆಕೆ ಕಾಣಲಿಲ್ಲ.